ವಾರ್ತಕ್ಕನ ಹೂಂ

ಠಕ್ಕಣ್ಣ ಯಾರಿಗೂ ಮೋಸ ಮಾಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಹೆಸರು ಕೇಳಿದ ಹೊಸಬರು ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಮನೆಯ ಮುಂದಿನ ಕೋಣೆಯಲ್ಲಿ ಕೂತು, ನೆಗ್ಗಿದ ಪಾತ್ರೆಗಳನ್ನು ಸುತ್ತಿಗೆಯಿಂದ ಠಕ್ ಠಕ್ ಎಂದು ಬಡಿದು ಸರಿಮಾಡುತ್ತಿದ್ದುದಕ್ಕೆ ಬೀದಿಯವರು ಇಟ್ಟ ಹೆಸರು ಅದು. ಹಿಡಿ ಕಿತ್ತ ಬಾಣಲೆ, ತಳ ತೂತಾದ ಬಕೆಟ್ಟು, ಮುಚ್ಚಳ ಕೂರದ ಡಬ್ಬಿ, ಯಾವುದನ್ನು ತಂದರೂ ಇಲ್ಲ ಎನ್ನುತ್ತಿರಲಿಲ್ಲ. ಆ ಸದ್ದಿನಲ್ಲೇ ಬದುಕಿ ಬದುಕಿ ಅವನ ಕಿವಿ ಅರ್ಧ ಹೋಗಿತ್ತು. ಉಳಿದ ಅರ್ಧವನ್ನು ಹೆಂಡತಿಗೆಂದು ಮೀಸಲಿಟ್ಟಿದ್ದಾನೆ ಎಂದು ಬೀದಿಯವರು ಮೆಚ್ಚಿಕೊಳ್ಳುತ್ತಿದ್ದರು. ಅದೂ ಅಷ್ಟೇನೂ ನಿಜವಲ್ಲ.

ಹೆಂಡತಿಯನ್ನು ಎಲ್ಲರೂ ವಾರ್ತಕ್ಕ ಎನ್ನುತ್ತಿದ್ದರು. ಬೀದಿಯ ವಾರ್ತೆಯೆಲ್ಲ ಅವಳ ಬಾಯಿಂದಲೇ ಹೊರಡಬೇಕು. ಹಾಗೆಂದು ಸುಮ್ಮನೆ ಚಾಡಿ ಹೇಳುವ ಹೆಂಗಸಲ್ಲ, ಅವಳು ಕಥೆಗಾರ್ತಿ. ಎದುರುಮನೆಯ ಬೆಕ್ಕು ಮರಿ ಹಾಕಿತು ಎನ್ನುವುದನ್ನು ನಾನು ನೀವು ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತೇವೆ. ಅವಳ ಬಾಯಲ್ಲಿ ಬೆಕ್ಕು ಅಷ್ಟು ಸುಲಭಕ್ಕೆ ಮರಿ ಹಾಕುವಂತಿರಲಿಲ್ಲ. ಮೊದಲು ಆ ಮನೆಯ ಅತ್ತೆ ಸೊಸೆಗೆ ಜಗಳವಾಗಬೇಕು. ಸೊಸೆ ಮುನಿಸಿಕೊಂಡು ಅಟ್ಟ ಹತ್ತಬೇಕು, ಇಳಿಯುವಾಗ ಅಟ್ಟದ ಬಾಗಿಲು ಹಾಕುವುದನ್ನು ಮರೆಯಬೇಕು, ಬೆಕ್ಕು ಒಂದು ಕಾಲು ಎತ್ತಿ ಬಾಗಿಲಲ್ಲಿ ನಿಂತು ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಬೇಕು. ಅಷ್ಟರಲ್ಲಿ ಒಲೆಯ ಮೇಲಿನ ಅನ್ನ ತಳ ಹಿಡಿದಿರುತ್ತಿತ್ತು.

ಕಥೆ ಹೇಳುವವರಿಗೆ ಹೂಂಗುಟ್ಟುವವರು ಒಬ್ಬರು ಬೇಕಲ್ಲ. ಆ ಕೆಲಸ ಠಕ್ಕಣ್ಣನದು. ಎರಡು ಪೆಟ್ಟಿಗೊಂದು ಹೂಂ. ಠಕ್ ಠಕ್ ಹೂಂ, ಠಕ್ ಠಕ್ ಹೂಂ. ಸುತ್ತಿಗೆಯ ಲೆಕ್ಕ ತಪ್ಪಿದರೂ ಹೂಂನ ಲೆಕ್ಕ ತಪ್ಪುತ್ತಿರಲಿಲ್ಲ. ಕಥೆ ಮಾತ್ರ ಅವನ ತಲೆಗೆ ಹೋಗುತ್ತಿರಲಿಲ್ಲ. ಒಮ್ಮೆ ವಾರ್ತಕ್ಕ ಪರೀಕ್ಷೆ ಮಾಡಲೆಂದೇ, "ರೀ, ಇವತ್ತು ನಿಮ್ಮನ್ನ ಗುಜರಿಯವನಿಗೆ ಮಾರಿಬಿಟ್ಟೆ ಕಣ್ರೀ" ಎಂದಳು. "ಹೂಂ" ಎಂದ ಠಕ್ಕಣ್ಣ. "ತೂಕ ಹಾಕೋಕೆ ನಾಳೆ ಬರ್ತಾನಂತೆ." "ಹೂಂ." ಈ ಪ್ರಸಂಗವನ್ನು ವಾರ್ತಕ್ಕ ವರ್ಷಗಟ್ಟಲೆ ಬೀದಿಗೆಲ್ಲ ಹೇಳಿ ನಗಿಸಿದಳು. ಅದರ ಕೊನೆಯ ಭಾಗವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದ ವಾರ್ತಕ್ಕ ಒಲೆಯ ಮುಂದೆಯೇ ಕುಸಿದಳು. ಲಕ್ವ. ಬಲಗಡೆ ಪೂರ್ತಿ ಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದಾಗ ಅಷ್ಟೂ ಮಾತು ಹೋಗಿ ಬಾಯಲ್ಲಿ ಉಳಿದದ್ದು ಒಂದೇ ಒಂದು ಶಬ್ದ: ಹೂಂ. ಜೀವಮಾನವಿಡೀ ಗಂಡನ ಸೊತ್ತಾಗಿದ್ದ ಆ ಒಂದು ಮಾತನ್ನೇ ಅವಳಿಗೆ ಉಳಿಸಿದ ದೇವರು ತಮಾಷೆ ಮಾಡಿದನೋ ಸೇಡು ತೀರಿಸಿಕೊಂಡನೋ, ನನಗಂತೂ ತಿಳಿಯದು.

ಮನೆಗೆ ನೋಡಲು ಬಂದ ಡಾಕ್ಟರು ಠಕ್ಕಣ್ಣನನ್ನು ಹೊರಗೆ ಕರೆದು ಅವನ ಒಳ್ಳೆಯ ಕಿವಿಗೆ ಬಾಯಿಟ್ಟು ಹೇಳಿದರು. "ಅವರಿಗೆ ಎಲ್ಲಾ ಅರ್ಥ ಆಗುತ್ತೆ. ಅವರ ಹತ್ರ ಏನಾದ್ರೂ ಹೇಳ್ತಾ ಇರಿ. ಸುಮ್ಮನೆ ಬಿಟ್ರೆ ಒಳಗೊಳಗೇ ಮುದುಡಿ ಹೋಗ್ತಾರೆ."

"ಏನು ಹೇಳಲಿ ಸ್ವಾಮಿ?"

"ಏನಾದ್ರೂ. ಬೀದಿ ಸುದ್ದಿ, ಮನೆ ಸುದ್ದಿ."

ಠಕ್ಕಣ್ಣ ಮಂಚದ ಪಕ್ಕ ಕೂತು ಗಂಟಲು ಸರಿಮಾಡಿಕೊಂಡ. "ಎದುರುಮನೆ ಬೆಕ್ಕು ಮತ್ತೆ ಮರಿ ಹಾಕಿದೆ ಕಣೇ."

"ಹೂಂ," ಎಂದಳು ವಾರ್ತಕ್ಕ. ಅವಳ ಕಣ್ಣು ಅರಳಿತು. ಮುಂದಿನದಕ್ಕೆ ಕಾದಳು.

ಠಕ್ಕಣ್ಣ ಸೂರು ನೋಡಿದ, ನೆಲ ನೋಡಿದ. "ಅಷ್ಟೇ," ಎಂದ.

ವಾರ್ತಕ್ಕ ಅವನನ್ನು ಒಂದು ಗಳಿಗೆ ನೋಡಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಮರುದಿನ ಹಾಲಿನವನ ಮಗಳ ಮದುವೆ ಗೊತ್ತಾದ ಸುದ್ದಿ ಒಂದೇ ಮಾತಿನಲ್ಲಿ ಮುಗಿಯಿತು, ಮತ್ತೆ ಗೋಡೆ. ಅದರ ಮರುದಿನ ಹೇಳಲು ಏನೂ ಇರಲಿಲ್ಲ. ಅವಳು ಊಟ ಕಡಿಮೆ ಮಾಡಿದಳು. ಠಕ್ಕಣ್ಣನಿಗೆ ಹೆದರಿಕೆಯಾಯಿತು. ಗೋಡೆಯನ್ನು ನೋಡುತ್ತಾ ನೋಡುತ್ತಾ ಹೆಂಡತಿ ಹೀಗೇ ಹೋಗಿಬಿಡುತ್ತಾಳೆ ಎಂದು ಅವನಿಗೆ ಖಾತ್ರಿಯಾಗಿತ್ತು. ತಡೆಯಲು ಕಥೆ ಬೇಕು, ಅದು ಅವನಿಗೆ ಬಾರದು.

ಆಗ ಅವನ ಕಣ್ಣಿಗೆ ಬಿದ್ದದ್ದು ಗ್ರಂಥಾಲಯದ ಬಾಗಿಲಿನ ಬೋರ್ಡು. 'ಕಥೆಯ ಮೂಲಾಂಶಗಳು. ಸಂಜೆ ತರಗತಿ. ಮಹಡಿಯ ಮೇಲೆ.' ಪಾಠ ಮಾಡುವವರು ನಿವೃತ್ತ ಮೇಷ್ಟ್ರು. ಗೋಡೆಯಾಚೆಯ ಮನೆಯ ಟೈಲರಮ್ಮ ಸಂಜೆ ಹೊತ್ತು ಅಂಗಿಗಳಿಗೆ ಗುಂಡಿಯ ಕಾಜ ಹೊಲಿಯುವ ಕೆಲಸ ತಂದುಕೊಂಡು ವಾರ್ತಕ್ಕನ ಬಳಿ ಕೂರಲು ಒಪ್ಪಿದಳು. ಎಲ್ಲಿಗೆ ಹೋಗುತ್ತೀರಿ ಎಂದು ಆಕೆ ಕೇಳಿದರೆ, ಈ ವಯಸ್ಸಿನಲ್ಲಿ ಕಥೆ ಕಲಿಯಲು ಎನ್ನುವುದಕ್ಕೆ ಠಕ್ಕಣ್ಣನಿಗೆ ನಾಚಿಕೆ. "ಸ್ವಲ್ಪ ವ್ಯವಹಾರ ಇದೆ," ಎಂದು ಗತ್ತಿನಿಂದ ಹೇಳಿ ಹೊರಟ. ಆಮೇಲಿನ ಅನಾಹುತಕ್ಕೆಲ್ಲ ಕಾರಣ ಈ ಗತ್ತು.

ಮೇಷ್ಟ್ರು ಆಗಷ್ಟೇ ಹಲ್ಲು ಕಟ್ಟಿಸಿಕೊಂಡಿದ್ದರು. ಪದದ ಕೊನೆಯ ಅಕ್ಷರ ಹೊಸ ಹಲ್ಲುಸಾಲಿನ ಹಿಂದೆಯೇ ಉಳಿದುಬಿಡುತ್ತಿತ್ತು. ಕೇಳುವವನಿಗೋ ಅರ್ಧ ಕಿವಿ. "ಕಥೆಗೆ ಮೊದಲು ಬೇಕಾಗಿರೋದು ಪಾತ್ರ," ಎಂದರು ಅವರು. "ನಾಳೆ ಬರುವಾಗ ಎಲ್ಲರೂ ಮನೆಯಿಂದ ಒಂದೊಂದು ಪಾತ್ರ ತನ್ನಿ. ದಿನಾ ಕಣ್ಣೆದುರಿಗೇ ಇರುತ್ತೆ, ನಾವು ಸರಿಯಾಗಿ ನೋಡಿರೋದಿಲ್ಲ. ಅಂಥದ್ದು."

ಕಥೆಗೆ ಬೇಕಾದದ್ದು ಪಾತ್ರೆ ಎಂದು ತಿಳಿದು ಠಕ್ಕಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಬೇರೆ ಏನಾದರೂ ಬೇಕು ಎಂದಿದ್ದರೆ ಅವನು ಎಲ್ಲಿಂದ ತರಬೇಕಿತ್ತು? ಮರುದಿನ ಹಾಲಿನ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಮೇಷ್ಟ್ರ ಮೇಜಿನ ಮೇಲಿಟ್ಟ.

"ಇದೇನು?" ಎಂದರು ಮೇಷ್ಟ್ರು.

"ಪಾತ್ರೆ. ನೀವೇ ತರೋಕೆ ಹೇಳಿದ್ರಲ್ಲ."

ತರಗತಿ ಗೊಳ್ಳೆಂದಿತು. ಮೇಷ್ಟ್ರು ನಗಲಿಲ್ಲ. ಹೇಳಿದ್ದನ್ನು ಮರೆಯದೆ ತಂದವನು ಅವನೊಬ್ಬನೇ ಆಗಿದ್ದ. ಉಳಿದವರೆಲ್ಲ ಕೈಬೀಸಿಕೊಂಡು ಬಂದಿದ್ದರು. ಮೇಷ್ಟ್ರು ಪಾಠ ಮುಂದುವರಿಸಿದರು. "ನೋಡಿ, ಪಾತ್ರ ಗಟ್ಟಿಯಾಗಿರಬೇಕು. ಒಳಗೆ ಟೊಳ್ಳಾಗಿರಬಾರದು."

"ಟೊಳ್ಳಿಲ್ಲದಿದ್ರೆ ಹಾಲು ಎಲ್ಲಿ ಹಾಕೋದು ಮೇಷ್ಟ್ರೇ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಬರಲಿಲ್ಲ, ಆ ಮನುಷ್ಯನ ಮುಖ ಹಾಗಿತ್ತು. "ಸರಿ, ಇದರ ಕಥೆಯನ್ನೇ ಹೇಳಿ. ಹೊಟ್ಟೆ ಮೇಲೆ ಇಷ್ಟು ದೊಡ್ಡ ನೆಗ್ಗು ಇದೆಯಲ್ಲ, ಹೇಗಾಯ್ತು?"

"ಬಿತ್ತು."

"ಊರವರ ನೆಗ್ಗೆಲ್ಲ ತೆಗೀತೀರಿ. ಇದನ್ನ ಯಾಕೆ ತೆಗೆದಿಲ್ಲ?"

"ಅವಳು ಬೇಡ ಅಂದಳು."

"ಯಾಕೆ?"

ಠಕ್ಕಣ್ಣ ಯೋಚಿಸಿದ. ಯಾಕೆಂದು ಅವಳು ಹೇಳಿದ್ದಳು, ಬಹಳ ಹೊತ್ತು ಹೇಳಿದ್ದಳು. ಅವನು ಹೂಂ ಎಂದಿದ್ದ. "ಗೊತ್ತಿಲ್ಲ," ಎಂದ, ಮತ್ತು ಅದನ್ನು ಹೇಳುವಾಗ ಅವನಿಗೆ ತುಂಬ ದುಃಖವಾಯಿತು.

"ಪರವಾಗಿಲ್ಲ, ಹುಡುಕೋಣ. ಪಾತ್ರಗಳನ್ನ ಸ್ವಲ್ಪ ದಿನ ಅವುಗಳ ಪಾಡಿಗೆ ಬಿಟ್ಟುಬಿಡಬೇಕು. ಆಗ ಅವೇ ಮಾತಾಡೋಕೆ ಶುರು ಮಾಡ್ತವೆ. ನಾಳೆ ಇನ್ನೊಂದು ತನ್ನಿ."

ಠಕ್ಕಣ್ಣ ಹಾಲಿನ ಪಾತ್ರೆಯನ್ನು ಅಲ್ಲೇ ಪುಸ್ತಕಗಳ ನಡುವೆ ಅದರ ಪಾಡಿಗೆ ಬಿಟ್ಟು ಬಂದ. ಮರುದಿನ ಹಿತ್ತಾಳೆಯ ತಂಬಿಗೆ. ಅದರ ಮರುದಿನ ಹಿಟ್ಟಿನ ಡಬ್ಬಿ. ಮನೆಗೆ ಬಂದು, ಟೈಲರಮ್ಮ ಹೋದ ಮೇಲೆ, ಹೆಂಡತಿಗೆ ಮೆಲ್ಲಗೆ ತರಗತಿಯ ಸುದ್ದಿ ಹೇಳುತ್ತಿದ್ದ. "ಇವತ್ತು ಸನ್ನಿವೇಶ ಅಂತ ಪಾಠ ಆಯ್ತು. ಅಂದ್ರೆ ಎಲ್ಲಿ, ಯಾವಾಗ ಅಂತ ಹೇಳ್ಬೇಕಂತೆ. ಗ್ರಂಥಾಲಯದ ಮಹಡಿಯಲ್ಲಿ ಫ್ಯಾನು ಕಿರ್‌ಗುಟ್ಟುತ್ತೆ." ಒಂದು ವಾಕ್ಯ ಮೂರು ವಾಕ್ಯವಾಗಿತ್ತು. ವಾರ್ತಕ್ಕನ ಮುಖ ಗೋಡೆಯಿಂದ ಅರ್ಧಕ್ಕೆ ಈಚೆ ತಿರುಗಿತ್ತು.

ಆದರೆ ಟೈಲರಮ್ಮನ ಕಣ್ಣು ಸೂಜಿಗಿಂತ ಚೂಪು. ಈ ಮನುಷ್ಯ ಸಂಜೆ ಹೋಗುವಾಗ ಟವೆಲಿನಲ್ಲಿ ಏನೋ ಮುಚ್ಚಿಕೊಂಡು ಹೋಗುತ್ತಾನೆ, ಬರುವಾಗ ಬರಿಗೈ. ಅಡುಗೆಮನೆಯ ಹಲಗೆ ದಿನದಿನಕ್ಕೆ ಬೋಳಾಗುತ್ತಿದೆ. ಆಕೆ ಕಾಜ ಹೊಲಿಯುವುದನ್ನು ನಿಲ್ಲಿಸಿ ಮಂಚದ ಹತ್ತಿರಕ್ಕೆ ಸರಿದಳು.

"ವಾರ್ತಕ್ಕ, ನಿಮ್ಮ ಯಜಮಾನರು ಪಾತ್ರೆ ಮಾರ್ತಿದಾರಾ?"

"ಹೂಂ."

"ಅಯ್ಯೋ ದೇವರೇ! ಕುಡಿಯೋಕಾ?"

"ಹೂಂ."

"ಇಷ್ಟು ದಿನ ಸಾಧು ಅಂದ್ಕೊಂಡಿದ್ದೆ! ನಿಮಗೆ ಹೊಟ್ಟೆಗಾದ್ರೂ ಸರಿಯಾಗಿ ಹಾಕ್ತಾರಾ, ಅದೂ ಇಲ್ವಾ?"

"ಹೂಂ."

ಟೈಲರಮ್ಮ ಕಣ್ಣೀರು ಒರೆಸಿಕೊಂಡಳು. ಆಕೆಯದು ಮೃದು ಹೃದಯ; ಮೃದು ಹೃದಯದವರಿಂದ ಆಗುವಷ್ಟು ಹಾನಿ ಕಟುಕರಿಂದ ಆಗುವುದಿಲ್ಲ. ಸುದ್ದಿ ಮೂಲೆಯ ಚಹಾದಂಗಡಿಗೆ ಹೋಯಿತು. ಅಲ್ಲಿ ಯಾರೋ ಠಕ್ಕಣ್ಣ ಓಲಾಡುತ್ತಾ ನಡೆಯುವುದನ್ನು ನೋಡಿದ್ದರು. ಅವನ ಚಪ್ಪಲಿಯ ಉಂಗುಟ ಕಿತ್ತಿತ್ತು ಎನ್ನುವುದನ್ನು ಯಾರೂ ನೋಡಿರಲಿಲ್ಲ. ಚಹಾದಂಗಡಿಯಿಂದ ಸುದ್ದಿ ಹಿರಿಯರ ಕ್ಷೇಮ ನೋಡಿಕೊಳ್ಳುವ ಕಚೇರಿಗೆ ಹೋಯಿತು. ಅಲ್ಲಿಂದ ಒಂದು ಸಂಜೆ, ಠಕ್ಕಣ್ಣ ಹೊರಗೆ ಹೋಗಿದ್ದಾಗ, ಒಬ್ಬರು ಮೇಡಂ ಬಂದರು.

ಮೇಡಂ ಶಿಸ್ತಿನ ಹೆಂಗಸು. ಪಕ್ಕದ ಮನೆಯವರ ಮಾತು ನಂಬುವುದಿಲ್ಲ, ನೊಂದವರನ್ನೇ ನೇರ ಕೇಳಬೇಕು ಎಂದರು. ಕೇಳಿದರು.

"ಅಮ್ಮಾ, ನಿಮಗೆ ಇಲ್ಲಿ ತೊಂದರೆ ಇದೆಯಾ?"

"ಹೂಂ."

"ಹೆದರ್ಕೊಂಡು ಹೇಳ್ತಿಲ್ಲ ತಾನೆ?"

"ಹೂಂ."

"ಯಜಮಾನರ ಹೆಸರೇನು?" ಎಂದು ಮೇಡಂ ಟೈಲರಮ್ಮನ ಕಡೆ ತಿರುಗಿದರು.

"ಎಲ್ಲಾರೂ ಠಕ್ಕಣ್ಣ ಅಂತೀವಿ ಮೇಡಂ."

ಮೇಡಂ ದೀರ್ಘವಾಗಿ ಉಸಿರು ಬಿಟ್ಟರು. ಅವರಿಗೆ ಇನ್ನೇನೂ ಕೇಳಬೇಕೆನಿಸಲಿಲ್ಲ. ವಾರ್ತಕ್ಕನಿಗೆ ಪಕ್ಕದ ಊರಿನಲ್ಲಿ ಒಬ್ಬ ತಮ್ಮನಿದ್ದಾನೆ ಎಂದು ತಿಳಿದು ಅವನಿಗೆ ಫೋನು ಮಾಡಿಸಿದರು.

ತಮ್ಮ ಗಾಡಿಗಳನ್ನು ಬಾಡಿಗೆಗೆ ಓಡಿಸುವವನು. ಬಾಯಿ ದೊಡ್ಡದು, ಅಕ್ಕನ ಮೇಲೆ ಪ್ರಾಣ. ಮರುದಿನ ಸಂಜೆಯೇ ವ್ಯಾನಿನಲ್ಲಿ ಹಾಸಿಗೆ ಹಾಸಿಕೊಂಡು, ಮೇಡಂ ಜೊತೆ ಬಂದ. ಬಂದವನೇ ಅಡುಗೆಮನೆಯ ಬೋಳು ಹಲಗೆ ನೋಡಿ, ಮಂಚದ ಬಳಿ ಕೂತು ಅಕ್ಕನ ಕೈ ಹಿಡಿದು ಮಗುವಿನ ಹಾಗೆ ಅತ್ತ.

"ಅಕ್ಕಾ, ನನ್ನ ಜೊತೆ ಬಂದುಬಿಡ್ತೀಯಾ?"

"ಹೂಂ," ಎಂದಳು ವಾರ್ತಕ್ಕ. ಅವಳ ಕಣ್ಣಿನಿಂದಲೂ ನೀರು ಇಳಿಯಿತು. ಎಲ್ಲರೂ ಅದನ್ನು ಆನಂದಬಾಷ್ಪ ಎಂದುಕೊಂಡರು.

ಅದೇ ಹೊತ್ತಿಗೆ ಗ್ರಂಥಾಲಯದಲ್ಲಿ ಬೇರೆಯದೇ ಗಲಾಟೆ ನಡೆದಿತ್ತು. ಕೆಳಗಿನಿಂದ ಬಂದ ಗ್ರಂಥಪಾಲಕರು, ಕಪಾಟಿನಲ್ಲಿ ಪುಸ್ತಕಕ್ಕಿಂತ ತಂಬಿಗೆ ಜಾಸ್ತಿಯಾಗಿದೆ, ಇದೇನು ಓದುವ ಜಾಗವೋ ಅಡುಗೆಮನೆಯೋ ಎಂದು ಕೂಗಾಡಿ, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಠಕ್ಕಣ್ಣನ ಹೆಗಲಿಗೇರಿಸಿ ಕಳಿಸಿದ್ದರು. ಚೀಲ ಝಣಝಣ ಎನ್ನುತ್ತಾ ಮನೆಯ ಬಾಗಿಲಿಗೆ ಬಂದಾಗ ಅವನು ಕಂಡದ್ದು ಇದು: ಬಾಗಿಲಲ್ಲಿ ವ್ಯಾನು, ಒಳಗೆ ಅರ್ಧ ಬೀದಿ, ಹೆಂಡತಿಯನ್ನು ಎತ್ತಲು ತೋಳು ಮಡಿಸುತ್ತಿರುವ ಭಾವಮೈದುನ.

"ಎಲ್ಲಿಗೆ?" ಎಂದ.

"ನಮ್ಮನೆಗೆ. ನಿಮ್ಮ ವಿಷಯ ಎಲ್ಲಾ ಗೊತ್ತಾಯ್ತು ಭಾವ. ಅಕ್ಕನೇ ಬಾಯಿಬಿಟ್ಟು ಹೇಳಿದ್ಲು."

"ಬಾಯಿಬಿಟ್ಟು ಹೇಳಿದ್ಲಾ?" ಠಕ್ಕಣ್ಣನ ಮುಖ ಬೆಳಗಿತು. "ಮಾತು ಬಂತಾ? ಏನಂದ್ಲು?"

"ಹೂಂ ಅಂದ್ಲು!"

ಠಕ್ಕಣ್ಣ ಚೀಲ ಇಳಿಸಿ ಮಂಚದ ಬಳಿ ಹೋದ. "ಏನೇ, ಇಲ್ಲೇ ಇರ್ತೀಯಾ?"

"ಹೂಂ."

"ನೋಡಿ, ಇಲ್ಲೇ ಇರ್ತಾಳಂತೆ."

ಮೇಡಂ ಹಣೆ ಒತ್ತಿಕೊಂಡರು. "ಎರಡಕ್ಕೂ ಹೂಂ ಅಂದ್ರೆ ಯಾವುದನ್ನ ಹಿಡಿಯೋದು?"

"ಮೊದಲು ಕೇಳಿದ್ದು ನಾನು," ಎಂದ ತಮ್ಮ.

"ಎರಡನೇ ಹೂಂ ಸ್ವಲ್ಪ ಉದ್ದ ಇತ್ತು," ಎಂದಳು ಟೈಲರಮ್ಮ. ಗೋಣಿಚೀಲದಿಂದ ಇಣುಕುತ್ತಿದ್ದ ತಂಬಿಗೆಯನ್ನು ಆಕೆ ಆಗಲೇ ನೋಡಿದ್ದಳು.

"ಇವರು ದಿನಾ ಪಾತ್ರೆ ತಗೊಂಡು ಹೋಗ್ತಿದ್ದದ್ದು ಎಲ್ಲಿಗೆ, ಅದನ್ನ ಹೇಳಲಿ ಮೊದಲು," ಎಂದರು ಮೇಡಂ.

ಈಗ ಹೇಳಲೇಬೇಕು. ಹೇಳಲು ಬಾರದವನ ಮುಂದೆ ಅರ್ಧ ಬೀದಿ ಕಿವಿ ತೆರೆದು ನಿಂತಿದೆ. ಠಕ್ಕಣ್ಣ ಬೆವರಿದ. ಚೀಲಕ್ಕೆ ಕೈ ಹಾಕಿದಾಗ ಹಾಲಿನ ಪಾತ್ರೆ ಸಿಕ್ಕಿತು. ಅದನ್ನೇ ಎತ್ತಿ ಹಿಡಿದು, ಮೇಷ್ಟ್ರು ಹೇಳಿದ್ದ ಕ್ರಮದಲ್ಲೇ ಶುರುಮಾಡಿದ.

"ಮೊದಲು ಪಾತ್ರೆ. ಇದು. ಆಮೇಲೆ ಸನ್ನಿವೇಶ. ಇದೇ ಮನೆ, ಬೆಳಗಿನ ಹೊತ್ತು. ಆಮೇಲೆ ಸಂಘರ್ಷ..."

"ಸಂಘರ್ಷ!" ಎಂದರು ಮೇಡಂ. "ಅಂದ್ರೆ ಮನೇಲಿ ಹೊಡೆದಾಟ ಇದೆ ಅಂತ ತಾವೇ ಒಪ್ಕೊಳ್ತಿದಾರೆ."

"ಭಾವ, ನಿಮಗೆ ತಲೆ ಕೆಟ್ಟಿದೆ," ಎಂದ ತಮ್ಮ.

ಠಕ್ಕಣ್ಣ ಅವರಿಬ್ಬರನ್ನೂ ಬಿಟ್ಟು ಹೆಂಡತಿಯ ಕಡೆ ತಿರುಗಿ ನೆಲದ ಮೇಲೆ ಕೂತುಬಿಟ್ಟ. ದೊಡ್ಡವರ ಮುಂದೆ ಹೇಳುವುದು ಅವನಿಂದಾಗದು; ಅವಳಿಗಾದರೆ ಹೇಳಬಹುದು. "ನೋಡೇ, ನಿನಗೆ ಗೊತ್ತೇ ಇದೆ, ನಾನು ಕಥೆ ಕಲಿಯೋಕೆ ಹೋಗ್ತಿದ್ದೆ. ನಿನಗೆ ಹೇಳೋಕೆ."

"ಹೂಂ."

"ಮೇಷ್ಟ್ರು ಈ ನೆಗ್ಗು ಹೇಗಾಯ್ತು ಅಂತ ಕೇಳಿದ್ರು. ನನಗೆ ಗೊತ್ತಾಗಲಿಲ್ಲ. ನೀನು ಹೇಳಿದ್ದೆ, ನಾನು ಕೇಳಿಸ್ಕೊಂಡಿರಲಿಲ್ಲ."

"ಹೂಂ," ಎಂದಳು ವಾರ್ತಕ್ಕ. ಈ ಹೂಂ ಸ್ವಲ್ಪ ಜೋರಾಗಿತ್ತು.

"ದಿನಾ ಯೋಚನೆ ಮಾಡ್ದೆ. ಈಗ ನೆನಪಾಯ್ತು ಅನ್ಸುತ್ತೆ. ನಾನು ನಿನ್ನ ಮದುವೆ ಮಾಡ್ಕೊಂಡು ಕರ್ಕೊಂಡು ಬಂದಾಗ ನಿನ್ನ ತಮ್ಮ ಇನ್ನೂ ಚಿಕ್ಕೋನು. ಅಕ್ಕನ್ನ ಕಳಿಸಲ್ಲ ಅಂತ ರಂಪ ಮಾಡಿ ಇದನ್ನ ತಗೊಂಡು ನನಗೆ ಎಸೆದ. ಅಲ್ವಾ?"

ವಾರ್ತಕ್ಕನ ತುಟಿ ನಡುಗಿತು. ಕುತ್ತಿಗೆಯ ನರ ಉಬ್ಬಿತು. ಎಲ್ಲರೂ ಅವಳ ಬಾಯನ್ನೇ ನೋಡಿದರು.

"ಊ..." ಎಂದಳು. ಉಸಿರು ಎಳೆದುಕೊಂಡಳು. "ಊಹೂಂ."

ಟೈಲರಮ್ಮನ ಕೈಯಿಂದ ಕತ್ತರಿ ಬಿತ್ತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅಂದ ಮೊದಲನೆಯ ಇಲ್ಲ ಅದು. ಅಷ್ಟು ದಿನ ಯಾರ್ಯಾರು ಏನೇನೋ ಕೇಳಿದರೂ ಬಾರದ ಮಾತು, ಕಥೆ ತಪ್ಪಿದ ಕೂಡಲೇ ಎದ್ದು ಬಂದಿತ್ತು. ಕಥೆ ಹೇಳಿದವರಿಗೆ ಕಥೆ ತಪ್ಪು ಹೇಳಿದರೆ ತಡೆಯುವುದಿಲ್ಲ.

"ಅವನಲ್ವಾ? ಮತ್ತೆ ಯಾರು? ನಾನಾ?"

"ಊಹೂಂ."

ಠಕ್ಕಣ್ಣ ಪಾತ್ರೆಯನ್ನು ತಿರುಗಿಸಿ ನೋಡಿದ. ನೆಗ್ಗಿನ ಮೇಲೆ ಬೆರಳಾಡಿಸಿದ. ನಿಧಾನವಾಗಿ ತಲೆಯೆತ್ತಿದ. "ನೀನಾ?"

"ಹೂಂ."

"ನನಗೆ ಎಸೆದಿದ್ದಾ? ನನ್ನ ಗುಜರಿಯವನಿಗೆ ಮಾರಿದೆ ಅಂತ ಬೀದಿಗೆಲ್ಲ ಹೇಳ್ತಿದ್ಯಲ್ಲ, ಆ ದಿನ?"

"ಹೂಂ! ಹೂಂ!" ವಾರ್ತಕ್ಕನ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಅದು ನಗು ಎಂದು ಗೊತ್ತಾಗಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು.

"ಸುತ್ತಿಗೆ ಸದ್ದಿನಲ್ಲಿ ಅದು ಹಲಗೆಯಿಂದ ಬಿತ್ತು ಅಂದ್ಕೊಂಡಿದ್ದೆ ಕಣೇ," ಎಂದ ಠಕ್ಕಣ್ಣ, ಮತ್ತು ಅಷ್ಟೂ ಜನರ ಮುಂದೆ ಪಾತ್ರೆಯನ್ನು ತಬ್ಬಿಕೊಂಡು ಅತ್ತ.

ತಮ್ಮ ಕೊನೆಯದಾಗಿ ಒಮ್ಮೆ ಕೇಳಿದ, ಈ ಸಲ ಮೆಲ್ಲಗೆ. "ಅಕ್ಕಾ, ನನ್ನ ಜೊತೆ ಬರ್ತೀಯಾ?"

"ಊಹೂಂ."

ಮೇಡಂ ಬ್ಯಾಗು ಎತ್ತಿಕೊಂಡರು. ತಮ್ಮ ವ್ಯಾನಿನಿಂದ ಹಾಸಿಗೆಯನ್ನು ತಂದು, ಇದು ಮೆತ್ತಗಿದೆ ಎಂದು ಅಕ್ಕನ ಮಂಚಕ್ಕೆ ಹಾಸಿ ಹೋದ. ಟೈಲರಮ್ಮ ಒಂದು ವಾರ ಯಾರ ಮುಖವನ್ನೂ ನೋಡಲಿಲ್ಲ. ಆಮೇಲೆ ಏನೂ ಆಗಿಲ್ಲವೆಂಬಂತೆ ಠಕ್ಕಣ್ಣನ ಅಂಗಿಗೆ ಗುಂಡಿ ಹಾಕಿಕೊಟ್ಟಳು.

ಅಂದಿನಿಂದ ಪ್ರತಿ ಸಂಜೆ ಒಂದು ಪಾತ್ರೆ ಹಲಗೆಯಿಂದ ಇಳಿಯಿತು, ಒಂದು ಕಥೆ ಎದ್ದಿತು. ಅವಳು ಎಂದೋ ಹೇಳಿದ್ದ ಕಥೆಗಳ ಚೂರುಪಾರು ಅವನ ಅರ್ಧ ಕಿವಿಯಲ್ಲಿ ಎಲ್ಲೋ ಸಿಕ್ಕಿಕೊಂಡಿದ್ದವು. ಅವನ್ನೇ ಹೇಗೆ ಹೇಗೋ ಜೋಡಿಸಿ ಬೆಸುಗೆ ಹಾಕುತ್ತಿದ್ದ. ಅವಳು ಹೂಂ ಅನ್ನುವಳು. ಅವಳ ಊಹೂಂ ಕೇಳಬೇಕೆನಿಸಿದರೆ ಬೇಕೆಂದೇ ಒಂದು ಸುಳ್ಳು ಸೇರಿಸುವನು. ಅವಳ ಮುಖ ಮತ್ತೆ ಗೋಡೆಗೆ ತಿರುಗಲಿಲ್ಲ. ಗೋಡೆಯಾಚೆ ಟೈಲರಮ್ಮ ಆ ಹೊತ್ತಿಗೆ ಮೆಷಿನ್ನು ನಿಲ್ಲಿಸಿ ಕೈಹೊಲಿಗೆ ಹಿಡಿಯುತ್ತಿದ್ದಳು.

ಒಂದು ದಿನ ಮೇಷ್ಟ್ರು ದಾರಿಯಲ್ಲಿ ಸಿಕ್ಕರು. "ಏನ್ರೀ, ಬರಲೇ ಇಲ್ಲ? ನಾಳೆ ಕೊನೆ ಪಾಠ. ಮುಕ್ತಾಯ."

"ಅದು ನನಗೆ ಬೇಡ ಮೇಷ್ಟ್ರೇ."

"ಮುಕ್ತಾಯ ಗೊತ್ತಿಲ್ಲದಿದ್ರೆ ಕಥೆ ಹೇಗ್ರೀ ನಿಲ್ಲಿಸ್ತೀರಿ?"

"ನಿಲ್ಲಿಸೋದು ಯಾಕೆ?" ಎಂದು ಠಕ್ಕಣ್ಣ ನಿಜವಾಗಿಯೂ ಅರ್ಥವಾಗದೆ ಕೇಳಿದ.

ಚಳಿಯ ದಿನಗಳು ಬಂದವು. ವಾರ್ತಕ್ಕ ಸೊರಗಿದಳು. ಹೂಂ ಸಣ್ಣದಾಯಿತು. ಡಾಕ್ಟರು ಬಂದು ನೋಡಿ, ಠಕ್ಕಣ್ಣನ ಬೆನ್ನು ತಟ್ಟಿ ಹೋದರು.

ಆ ಸಂಜೆ ಠಕ್ಕಣ್ಣ ಎದುರುಮನೆಯ ಬೆಕ್ಕಿನ ಕಥೆ ಎತ್ತಿಕೊಂಡ. ಈ ಸಲ ಅವಸರ ಮಾಡಲಿಲ್ಲ. ಅತ್ತೆ ಸೊಸೆಗೆ ಜಗಳ ಹಚ್ಚಿದ. "ಹೂಂ," ಎಂದಳು ವಾರ್ತಕ್ಕ. ಸೊಸೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಅಟ್ಟ ಹತ್ತಿಸಿದ. "ಹೂಂ." ಇಳಿಸಿದ, ಬಾಗಿಲು ಹಾಕುವುದನ್ನು ಮರೆಸಿದ. ಉತ್ತರಕ್ಕೆ ಬರೀ ಉಸಿರು ಬಂತು, ಆದರೂ ಅದು ಹೂಂ ಎಂದೇ ಅವನಿಗೆ ಗೊತ್ತು. "ಆಗ ಬೆಕ್ಕು ಬಂತು ನೋಡು. ಬಂದು, ಒಂದು ಕಾಲು ಎತ್ತಿ, ಬಾಗಿಲಲ್ಲಿ ನಿಂತ್ಕೊಂಡಿತು."

ಕಾದ.

ಕಿವಿಗೆ ಬೀಳಲಿಲ್ಲವೇನೋ ಎಂದು ಒಳ್ಳೆಯ ಕಿವಿಯನ್ನು ಅವಳ ಬಾಯಿಯ ಹತ್ತಿರ ತಂದ. "ಒಂದು ಕಾಲು ಎತ್ತಿ ನಿಂತ್ಕೊಂಡಿತು ಕಣೇ." ಮತ್ತೆ ಕಾದ. ಕಥೆ ತಪ್ಪಿಸಿ ನೋಡಿದ. "ನಿಂತು, ನಾಯಿಮರಿ ಹಾಕಿತು." ಊಹೂಂ ಬರಲಿಲ್ಲ. ಅವಳ ಎಡಗೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡು, ಬಹಳ ಮೆತ್ತಗೆ ಹೇಳಿದ. "ಇವತ್ತು ನಿನ್ನನ್ನ ಗುಜರಿಯವನಿಗೆ ಮಾರಿಬಿಟ್ಟೆ ಕಣೇ."

ಹಾಲಿನ ಪಾತ್ರೆ ಹಲಗೆಯ ಮೇಲೆ ಇತ್ತು. ಯಾರೂ ಎಸೆಯಲಿಲ್ಲ.

ಠಕ್ಕಣ್ಣ ಹೊದಿಕೆಯನ್ನು ಅವಳ ಭುಜದವರೆಗೆ ಎಳೆದ. ಬೆಕ್ಕು ಇನ್ನೂ ಬಾಗಿಲಲ್ಲೇ ಒಂದು ಕಾಲು ಎತ್ತಿ ನಿಂತಿತ್ತು. ಅದನ್ನು ಹಾಗೆಯೇ ಬಿಟ್ಟು ಏಳಲು ಅವನಿಗೆ ಬಾರದು. ಆ ಪಾಠಕ್ಕೆ ಅವನು ಹೋಗಿರಲಿಲ್ಲ.

"ಹೂಂ," ಎಂದ ತಾನೇ. "ಆಮೇಲೆ ಬೆಕ್ಕು ಒಳಗೆ ಇಣುಕಿತು... ಹೂಂ... ಅಟ್ಟದಲ್ಲಿ ಹಳೇ ಸೀರೆ ಒಂದು ಇತ್ತು... ಹೂಂ..."

ಗೋಡೆಯಾಚೆ ಟೈಲರಮ್ಮ ಸೂಜಿಗೆ ದಾರ ಪೋಣಿಸುತ್ತಾ ಕಿವಿಗೊಟ್ಟು ಕೇಳಿದಳು. ಅವಳ ಮುಖ ಅರಳಿತು. ಒಳಗಿದ್ದ ಗಂಡನನ್ನು ಕೂಗಿ ಹೇಳಿದಳು:

"ಇಲ್ಲಿ ಕೇಳಿ ಬನ್ರೀ. ವಾರ್ತಕ್ಕ ಇವತ್ತು ಎಷ್ಟು ಗಟ್ಟಿಯಾಗಿ ಹೂಂ ಅಂತಿದಾರೆ! ಇನ್ನು ಹುಷಾರಾಗಿಬಿಡ್ತಾರೆ."